ಹುಲಿಗೆವ್ವ ಕೊಯ್ದ ಹರಿಗೋಲು

ತೊಗಲಿನ ಹರಿಗೋಲು ಹೋಗಿ ರಬ್ಬರಿನಂಥ ಗಟ್ಟಿ ಲೋಳೆಯ ಹರಿಗೋಲು ಬಂದು ನಲವತ್ತು ವರ್ಷವಾಗಿತ್ತು. ಹರಿದರೆ ತಾನೇ ಕೂಡಿಕೊಳ್ಳುವ ಅದನ್ನು ತುಂಗಭದ್ರೆಯ ಕಡವಿನಲ್ಲಿ ಹುಲಿಗೆವ್ವ ಮೊದಲಿನಿಂದಲೂ ನಡೆಸುತ್ತಿದ್ದಳು. ಆ ದಿನ ಮದುಮಗನನ್ನು ಆಚೆ ದಡಕ್ಕೆ ಮುಟ್ಟಿಸಬೇಕಿತ್ತು. ಸೇತುವೆಯ ಸುತ್ತು ಹಿಡಿದರೆ ಮುಹೂರ್ತ ಮೀರುತ್ತಿತ್ತು. ಆದರೆ ಹಿಂದಿನ ದಿನ ಬಂಡೆಗೆ ತಾಗಿ ತಳದಲ್ಲಿ ಬಿಟ್ಟ ಮೊಳದುದ್ದದ ಸೀಳು ಕೂಡಿರಲೇ ಇಲ್ಲ. ಅವಳ ಮಗಳ ಗಂಡ ಅದನ್ನು ಒತ್ತಿ ಕೂಡಿಸದೆ ಗಾಳಿಗೆ ಬಿಟ್ಟಿದ್ದ.

ಹುಲಿಗೆವ್ವ ಕುಡುಗೋಲು ತಂದು ಸೀಳಿನ ಎರಡೂ ಅಂಚನ್ನು ಬೆರಳಗಲ ಕೊಯ್ದು ಹಾಕಿದಳು.

“ಏ ಯವ್ವಾ! ಇದ್ದದ್ದನ್ನೂ ಹಾಳು ಮಾಡ್ತಿಯಲ್ಲ!” ಎಂದು ಮದುಮಗನ ಸೋದರಮಾವ ಬಸಣ್ಣ ಬಾಯಿ ಮಾಡಿದ. “ಮುಹೂರ್ತ ತಪ್ಪಿದ್ರ ನೀನ ತಾಳಿ ಕಟ್ಟಿಸ್ಕೋತಿಯೇನು?”

“ನಿನ್ನಂಥ ಮಾವ ಇದ್ದ ಮನಿಗೆ ನಾ ಒಲ್ಲೆಪ್ಪ,” ಎಂದಳು ಹುಲಿಗೆವ್ವ. “ಹಳೇ ಗಾಯದಾಗ ಒಳಗಿನ ಎಳಿ ತಮ್ಮತಮ್ಮಾಗ ಕೈ ಹಿಡ್ಕೊಂಡು ಕುಂತಿರ್ತಾವ. ಹೊಸದಾಗಿ ಕೊಯ್ದ್ರ ಆಚೀಕಡೆ ಕೈ ಚಾಚ್ತಾವ. ಬೆಚ್ಚಗಿದ್ರ ಲಗೂನ ಓಡಾಡ್ತಾವ. ಬರ್ರಿ, ಮಾವ-ಅಳಿಯ ಇಬ್ರೂ ಇದರ ಮ್ಯಾಲ ಕುಂದರ್ರಿ, ನಿಮ್ಮ ಮೈಕಾವು ತಾಗಲಿ.”

ಅವಳು ಹಸಿ ಅಂಚುಗಳನ್ನು ಎಳೆದು ಒಂದಕ್ಕೊಂದು ಒತ್ತಿ ಕೂಡಿಸಿದಳು. ಬಾಸಿಂಗ ಕಟ್ಟಿದ ಮದುಮಗ ನಗುತ್ತ ಕೂತ, ಬಸಣ್ಣ ಗೊಣಗುತ್ತ ಕೂತ. ಒಂದು ತಾಸು ಅವಳು ಇಬ್ಬರನ್ನೂ ಏಳಗೊಡಲಿಲ್ಲ.

ನಡುಹೊಳೆಯ ಸುಳಿಯಲ್ಲಿ ಹರಿಗೋಲು ಗಿರ್ರನೆ ತಿರುಗಿತು. ಹೊಸದಾಗಿ ಕೂಡಿದ ಜಾಗ ಹೋಳಿಗೆಯ ಕಣಕದ ಹಾಗೆ ಹಿಗ್ಗಿ, ಮೆಲ್ಲಗೆ ಕುಗ್ಗಿತು. ಬಸಣ್ಣ ಬಗ್ಗಿ ಅಂಗೈ ಆಡಿಸಿ ನೋಡಿದ. ಹನಿ ನೀರಿರಲಿಲ್ಲ.

ದಡದಲ್ಲಿ ಹೆಣ್ಣಿನ ಕಡೆಯವರು ಕೇಳಿದರು: “ತಿರುಗಿ ಹೋಗಾಕ ಸೇತುವೆ ಮ್ಯಾಲಿಂದ ಗಾಡಿ ಹೇಳೂನೇನ್ರಿ?”

“ಯಾಕ್ರಿ?” ಎಂದ ಬಸಣ್ಣ. “ಸೊಸೀನ್ನೂ ಇದರಾಗ ಕರಕೊಂಡು ಹೊಕ್ಕೀವಿ.”