ಗಂಟೆ ನೀರು

ಮನೆದೇವರ ಗುಡಿಯ ಕೈಗಂಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಭೂತಮ್ಮ ಜಗಲಿಗೆ ಬಂದಾಗ, ನಾಲ್ಕು ವರ್ಷದ ಮೊಮ್ಮಗಳು ಧನ್ಯಶ್ರೀ ತೆಂಗಿನ ಚಿಪ್ಪುಗಳನ್ನು ಸಾಲಾಗಿ ಜೋಡಿಸುತ್ತ ಕೂತಿದ್ದಳು. ಹೆಸರು ಹಿಡಿದು ಕೂಗಿದರೆ ಆ ಮಗು ತಿರುಗುತ್ತಿರಲಿಲ್ಲ. ಸಾಲಿನ ಒಂದೇ ಒಂದು ಚಿಪ್ಪು ಸರಿಸಿದರೆ ಹೆಂಚು ಹಾರಿಹೋಗುವಂತೆ ಕಿರುಚುತ್ತಿತ್ತು. ಇವತ್ತಿನವರೆಗೆ ಒಂದು ಮಾತೂ ಆಡಿರಲಿಲ್ಲ.

“ಗಂಟೆ ತೊಳ್ದ ನೀರು ಕುಡ್ಸಿ, ಕಿವಿ ತಾವ ಬಾರ್ಸಿದ್ರೆ ಎಂಥಾ ಮೂಗರಿಗೂ ಮಾತು ಬತ್ತದೆ ಕಣೇ,” ಎಂದಳು ಭೂತಮ್ಮ ಸೊಸೆ ಸುನಂದಾಳಿಗೆ.

“ಬ್ಯಾಡ ಅತ್ತೆ, ಅವ್ಳಿಗೆ ಸದ್ದು ತಡ್ಯಕ್ಕಾಗಲ್ಲ. ಮಿಕ್ಸಿ ಹಾಕಿದ್ರೇ ಕಿವಿ ಮುಚ್ಕಂಡು ನಡುಗ್ತಾಳೆ. ನಾಳೆ ಹೆಂಗೂ ತುಮಕೂರಲ್ಲಿ ಡಾಕ್ಟ್ರು ನೋಡ್ತಾರಲ್ಲ.”

ಇದು ಆಟಿಸಂ ಇರಬಹುದು, ಕಾಯಬೇಡಿ, ಈ ವಯಸ್ಸಿನಲ್ಲೇ ಶುರು ಮಾಡಿದರೆ ಮಗು ಎಷ್ಟೋ ಕಲಿಯುತ್ತದೆ ಎಂದು ಅಂಗನವಾಡಿಯ ಗಂಗಲಕ್ಷ್ಮಿ ಟೀಚರ್ ಹೇಳಿ ಹೇಳಿ, ಕೊನೆಗೆ ತಾವೇ ಫೋನು ಮಾಡಿ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿದ್ದರು. ನಾಳೆ ತಪ್ಪಿದರೆ ಮತ್ತೆ ದೀಪಾವಳಿ ಕಳೆದ ಮೇಲೆಯೇ.

ಮಾವ ತಿಮ್ಮಯ್ಯ ನಕ್ಕ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುವುದರಲ್ಲಿ ಹಂದನಕೆರೆ ಸುತ್ತಮುತ್ತ ಅವನನ್ನು ಮೀರಿಸಿದವರಿಲ್ಲ. ಆ ಒಂದು ವಿದ್ಯೆ ಲೋಕದ ಎಲ್ಲ ವ್ಯವಹಾರಕ್ಕೂ ಸಾಕು ಎಂದು ಅವನ ನಂಬಿಕೆ.

“ಅಟ್ಟದ ಮೇಲಿರೋ ಕಾಯ್ನ ಅವಸರಬಿದ್ದು ಒಡುದ್ರೆ ಏನ್ ಸಿಕ್ಕದು? ವರ್ಸ ತುಂಬ್ಲಿ, ನೀರು ಹಿಂಗ್ಲಿ, ತಾನೇ ಗುಡುಗುಡು ಅಂತದೆ. ಮಗೀನೂ ಅಷ್ಟೇಯ. ಬುಡು ಅತ್ಲಾಗೆ.”

“ಮರದ ಸುಳಿ ಬಾಡಿದ್ರೆ ವರ್ಸ ತುಂಬ್ಲಿ ಅಂತೀರಾ ಮಾವ? ಅವತ್ತೇ ಔಸ್ದಿಗೆ ಓಡ್ತೀರಲ್ಲ!”

“ಮರ ಫಲ ಕೊಡ್ತದೆ ಕಣಮ್ಮ.”

ಅವನ ಬಾಯಿಗೆ ಮಣ್ಣು ಬೀಳ! ಆಡಿದ ಮಾತಿಗೆ ನಾಚಿಕೆಯಾದರೂ ಆಯಿತೇ? ಇಲ್ಲ. ಡಾಕ್ಟರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ಮುಂದೆ ಹೆಣ್ಣು ಕೇಳಿ ಬರುವವರಾರು ಎಂದು ಬೇರೆ ಸೇರಿಸಿದ. ಮಾತೇ ಬಾರದ ನಾಲ್ಕು ವರ್ಷದ ಕೂಸಿಗೆ ಆಗಲೇ ವರ ಹುಡುಕುವ ಚಿಂತೆ! ಸುನಂದಾ ಗಂಡನ ಮುಖ ನೋಡಿದಳು. ಪುನೀತ್ ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿದ್ದ. ಮೂವತ್ತು ದಾಟಿದರೂ ಅಪ್ಪನ ಮುಂದೆ ಅವನಿಗೆ ಮಾತೇ ಬರುವುದಿಲ್ಲ. ಅವನಿಗೆ ಮಾತ್ರ ಯಾರೂ ಗಂಟೆ ನೀರು ಕುಡಿಸಿರಲಿಲ್ಲ.

“ಆಯ್ತು, ಒಂದ್ ಮಾತು,” ಎಂದ ತಿಮ್ಮಯ್ಯ ಪಂಚಾಯ್ತಿ ತೀರ್ಪು ಕೊಡುವವನಂತೆ. “ಇವ್ಳು ಗಂಟೆ ಬಾರ್ಸ್ಲಿ. ಮಗೀಗೆ ಮಾತು ಬಂದ್ರೆ ತುಮಕೂರೂ ಇಲ್ಲ, ಗಿಮಕೂರೂ ಇಲ್ಲ. ಬರ್ನಿಲ್ಲ ಅಂದ್ರೆ ನಾಳೆ ಕರ್ಕೊಂಡೋಗು.”

ಗಂಟೆಗೆಲ್ಲ ಮಾತು ಬರುವುದಿಲ್ಲವೆಂಬ ಧೈರ್ಯದ ಮೇಲೆ ಸುನಂದಾ ಹಲ್ಲು ಕಚ್ಚಿ ಒಪ್ಪಿದಳು. ಒಪ್ಪಿದರೂ ಕರುಳು ಕೇಳಲಿಲ್ಲ. ಮಗಳ ಕಿವಿಗಳಿಗೆ ತನ್ನ ಕೈ ಅಡ್ಡ ಹಿಡಿದಳು. “ತೆಗಿಯಮ್ಮ ಕೈಯ,” ಎಂದು ತಿಮ್ಮಯ್ಯ ಗದರಿದ.

ಭೂತಮ್ಮ ನೀರು ಕುಡಿಸಿ ಗಂಟೆ ಬಾರಿಸಿದಳು. ಧನ್ಯಶ್ರೀ ಕಿವಿ ಮುಚ್ಚಿಕೊಂಡು ಮುದುಡಿದಳು. ಮತ್ತೆ ಬಾರಿಸಿದಳು. ಮಗು ಚಿಪ್ಪುಗಳ ಮೇಲೆ ಉರುಳಿ ನೆಲಕ್ಕೆ ತಲೆ ಚಚ್ಚಿಕೊಳ್ಳತೊಡಗಿತು. “ಸಾಕು ಅತ್ತೆ, ನಿಮ್ಮ ದಮ್ಮಯ್ಯ!” ಎಂದು ಸುನಂದಾ ಮಗಳನ್ನು ಬಾಚಿ ತಬ್ಬಿಕೊಂಡಳು. ಭೂತಮ್ಮ ಭಕ್ತಿಯಿಂದ ಕಣ್ಣು ಮುಚ್ಚಿ ಇನ್ನೂ ಜೋರಾಗಿ ಬಾರಿಸಿದಳು.

“ಬೇಡಾ!”

ಎಲ್ಲರೂ ಬೆಚ್ಚಿಬಿದ್ದರು. ಮಗಳ ಬಾಯಿಂದ ಮಾತು ಕೇಳಬೇಕೆಂದು ಸುನಂದಾ ಹರಸಿಕೊಳ್ಳದ ದೇವರಿರಲಿಲ್ಲ. ಈಗ ಕೇಳಿದಾಗ ಅವಳಿಗೆ ಎದೆ ಒಡೆದಂತಾಯಿತು.

ತಿಮ್ಮಯ್ಯ ಎದ್ದು ನಿಂತ. “ಬಂತು! ಮಾತು ಬಂತು! ಎಲ್ಲೇ ನಿನ್ನ ಆಟಿಸಮ್ಮು? ಫೋನ್ ಮಾಡಿ ಹೇಳ್ಬುಡು ಆ ಟೀಚರಮ್ಮಂಗೆ, ನಾಳೆ ನಾವು ಬರಕ್ಕಿಲ್ಲ ಅಂತ!”

ಸುನಂದಾಳ ಮಡಿಲಲ್ಲಿ ಮಗು ನಡುಗುತ್ತ, “ಬೇಡ… ಬೇಡ… ಬೇಡ…” ಎನ್ನುತ್ತಲೇ ಇತ್ತು.

“ಕೇಳ್ದೇನೇ, ಇನ್ನೂವೆ ಮಾತಾಡ್ತಾವ್ಳೆ!” ತಿಮ್ಮಯ್ಯ ಹಿಗ್ಗಿ ಹೆಂಡತಿಯ ಕಡೆ ತಿರುಗಿದ. “ನಿಲ್ಲಿಸ್ಬ್ಯಾಡ ಕಣೇ, ಬಾರ್ಸು! ಇನ್ನೊಂದ್ ಮಾತು ಬರ್ಲಿ!”