ಸಿಟ್ಟಿನ ಪರೀಕ್ಷೆ

ಮನುಷ್ಯರ ಸಿಟ್ಟು ತಗುಲಿ ಸರ್ಕ್ಯೂಟ್ ಬೋರ್ಡುಗಳು ಕೆಡತೊಡಗಿದ ಮೇಲೆ ನನಗೆ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತು. ಏಳನೇ ಇಯತ್ತೆ ಓದಿದವನಿಗೆ ಇದ್ದ ವಿದ್ಯೆ ಸಿಟ್ಟೊಂದೇ. ಹೊಸ ಬೋರ್ಡಿನ ಎದುರು ಕುಳಿತು ಸಿಡುಕಬೇಕು. ಅದರ ದೀಪ ಆರದಿದ್ದರೆ ಬೋರ್ಡು ಪಾಸು. ವರ್ಷಕ್ಕೊಮ್ಮೆ ನನಗೂ ಪರೀಕ್ಷೆ. ಸಿಟ್ಟು ತಡೆಯುವ ತಗಡಿನ ಮುಚ್ಚಳ ತೆಗೆದ ಬೋರ್ಡಿನ ದೀಪವನ್ನು ಸಿಟ್ಟಿನಿಂದಲೇ ಆರಿಸಬೇಕು, ಇಲ್ಲದಿದ್ದರೆ ನೌಕರಿ ಇಲ್ಲ.

ಇವತ್ತು ಎಷ್ಟು ಹಲ್ಲು ಕಡಿದರೂ ದೀಪ ಉರಿಯುತ್ತಲೇ ಇತ್ತು.

"ಚನ್ನವೀರಣ್ಣ, ನೌಕರಿ ಹೋಗತೈತಿ ನೋಡ್ರಿ," ಎಂದರು ಮೇಲ್ವಿಚಾರಕಿ ಶಾಂತವ್ವ.

"ಏನ್ ಮಾಡ್ಲಿರೀ ಅಕ್ಕಾರ, ಸಿಟ್ಟ ಬರವಲ್ದು. ಮುಂಜಾನೆ ಮೊಮ್ಮಗಳು ಹುಟ್ಯಾಳ."

"ಹೌದಾ? ಯಾರಂಗ ಅದಾಳ?"

"ಮೂಗು ಥೇಟ್ ನಂದ ಐತ್ರಿ."

"ಅಯ್ಯ, ಪಾಪ!"

ದೀಪ ಆರಿತು. ಪಕ್ಕದ ಕೋಣೆಯ ದೀಪವೂ ಆರಿತು.

ಶಾಂತವ್ವ ನಗುತ್ತ 'ಪಾಸು' ಎಂದು ಬರೆದುಕೊಂಡರು. ಆಸ್ಪತ್ರೆಯಲ್ಲಿ ಆ ಮೂಗು ಕಂಡಾಗ ನನ್ನ ಬಾಯಿಂದಲೂ ಮೊದಲು ಬಂದದ್ದು ಅದೇ ಮಾತು.