ಏಳನೆಯ ಗುರಿ

ಟೈಮರ್ ‘ಪೀಂ’ ಎಂದಿತು. ಯೂಕ್-ಲಾನ್ ಆಗಲೇ ಓಡುತ್ತಿದ್ದಳು.

ಪಿಸ್ತೂಲು ಸೊಂಟದಿಂದ ಕೈಗೆ ಬಂದದ್ದು ಅವಳಿಗೇ ತಿಳಿಯಲಿಲ್ಲ. ಒಂದು ಕಾಗದದ ಮನುಷ್ಯನಿಗೆ ಎರಡು ಗುಂಡು, ಪಕ್ಕದವನಿಗೆ ಎರಡು. ಬಾಗಿಲು ಒದ್ದಳು. ಒಳಗೆ ಮತ್ತೆ ನಾಲ್ವರು. ಖಾಲಿ ಮ್ಯಾಗಜೀನ್ ನೆಲ ಮುಟ್ಟುವ ಮೊದಲೇ ಹೊಸದು ಕೂತಿತ್ತು. ತಗ್ಗು ಕಿಟಕಿಯಾಚೆಯ ಏಳನೆಯ ಗುರಿಗೆ ನಿಲ್ಲಲೂ ಇಲ್ಲ, ಓಡುತ್ತಲೇ ಎರಡು ಸಿಡಿಸಿದಳು. ಎಂಟು, ಒಂಬತ್ತು, ಹತ್ತು.

“ಪಿಸ್ತೂಲು ಖಾಲಿ ಮಾಡಿ ತೋರಿಸು,” ಎಂದಳು ತೀರ್ಪುಗಾರ್ತಿ ತಾಮ್. ಕೈಯಲ್ಲಿದ್ದ ಟೈಮರ್ ನೋಡಿ ಹುಬ್ಬೇರಿಸಿದಳು. “ಹನ್ನೊಂದೂವರೆ ಸೆಕೆಂಡು!”

ಕ್ವಾಯ್ ಚುಂಗ್‌ನ ಹಳೆಯ ಕಾರ್ಖಾನೆ ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿದ್ದ ಗುರಿಯಾಟದ ಕ್ಲಬ್ಬು ಕೇಕೆ ಹಾಕಿತು. ಗುಂಡುಗಳೇನೋ ಮೆಣಸಿನ ಕಾಳಿನಷ್ಟಿದ್ದ ಬಿಳಿ ಪ್ಲಾಸ್ಟಿಕ್ಕಿನವು. ಎದೆಬಡಿತ ಮಾತ್ರ ಅಸಲಿ. ಹತ್ತೂ ಗುರಿಗಳಿಗೆ ಎರಡೆರಡು ತೂತು ಬಿದ್ದಿದ್ದರೆ ಸಾಕು, ಹನ್ನೊಂದು ವರ್ಷದಿಂದ ಸೋಲದ, ಕ್ಲಬ್ಬಿನ ಗುರು ಮೋಕ್ ಮೇಷ್ಟ್ರು ಇವತ್ತು ಸೋತಂತೆ. ಕೆಂಪು ಪೆಟ್ಟಿಗೆ ಅವಳದು.

ಪೆಟ್ಟಿಗೆ ಇದ್ದದ್ದು ಕ್ವಾನ್ ದೇವರ ಗೂಡಿನ ಪಕ್ಕದಲ್ಲಿ, ಊದುಬತ್ತಿಯ ಹೊಗೆ ಕುಡಿಯುತ್ತ. ಕ್ಲಬ್ಬು ಕಟ್ಟಿದ ಮುದುಕ ಲೈ ತಾನೇ ಅರದಿಂದ ಉಜ್ಜಿ ಉಜ್ಜಿ ತಿದ್ದಿದ ಪಿಸ್ತೂಲು ಅದರೊಳಗಿದೆ ಎಂದು ಎಲ್ಲರ ಮಾತು. ಮುಚ್ಚಳ ತೆರೆಯುವ ಹಕ್ಕು ಗೆದ್ದವರಿಗೆ ಮಾತ್ರ. ಆ ಪಿಸ್ತೂಲಿಗಾಗಿ ಯೂಕ್-ಲಾನ್ ಮೂರು ವರ್ಷ ತನ್ನ ಮೀನುಂಡೆ ಅಂಗಡಿಯಲ್ಲಿ ಸೊಂಟಕ್ಕೆ ಜಾಲರಿ ಸೌಟು ಸಿಕ್ಕಿಸಿಕೊಂಡು, ಗಿರಾಕಿ ಬಂದಾಗಲೆಲ್ಲ ಸರಕ್ಕನೆ ಎಳೆದು ಕೈ ಪಳಗಿಸಿದ್ದಳು. “ಒಳಗೇನಿದೆ ಮೇಷ್ಟ್ರೇ?” ಎಂದು ಕೇಳಿದರೆ ಮೋಕ್‌ರದು ಒಂದೇ ಉತ್ತರ: “ಗೆದ್ದು ನೋಡಮ್ಮ.”

ಜಂಬದ ಮನುಷ್ಯ. ಕ್ಲಬ್ಬಿನ ಬೀಗದ ಕೈ ಯಾರಿಗೂ ಬಿಟ್ಟುಕೊಟ್ಟವರಲ್ಲ. ಎಲ್ಲರೂ ಹೊರಟ ಮೇಲೂ ಒಬ್ಬರೇ ಒಳಗೆ ಉಳಿಯುತ್ತಿದ್ದರು. ಈ ಸಲವಂತೂ ಬಲ ಭುಜ ನೋವೆಂದು ಎಡಗೈಯಲ್ಲಿ ಹೊಡೆದಿದ್ದರು. ಆದರೂ ಒಂದೂ ತಪ್ಪಿರಲಿಲ್ಲ. ತಮ್ಮ ತೂತುಗಳನ್ನು ನೋಡಿ ಮುಖ ಬೇರೆ ಸಿಂಡರಿಸಿದ್ದರು! ಅವರ ಹೆಂಡತಿ ಬಾಗಿಲಲ್ಲಿ ಸೂಟ್‌ಕೇಸಿನ ಮೇಲೆ ಕೂತಿದ್ದಳು.

“ಗೆದ್ದಿದ್ದನ್ನ ತುಂಬ್ಕೊಂಡು ಹೋಗೋಕೆ ಸೂಟ್‌ಕೇಸೇ ತಂದಿದಾರೆ ನೋಡಕ್ಕ,” ಎಂದು ಯೂಕ್-ಲಾನ್‌ಳ ಕಿವಿಯಲ್ಲಿ ಕಿಸಕ್ಕೆಂದ ಅವಳ ತಂಡದ ದಪ್ಪ ಲೋ.

ಯೂಕ್-ಲಾನ್‌ಳ ಓಟಕ್ಕೆಂದು ಹತ್ತೂ ಗುರಿಗಳಿಗೆ ಹೊಸ ಕಾಗದ ಹಾಕಿದ್ದರು. ತಾಮ್ ಎಣಿಸುತ್ತ ಹೊರಟಳು. ಆಕೆ ಎಣಿಸಿದ ಮೇಲೆ ಉಳಿದ ಸ್ಪರ್ಧಿಗಳು ತೂತುಗಳ ಮೇಲೆ ಕಂದು ಚೀಟಿ ಅಂಟಿಸಿ ಮುಚ್ಚುವುದು ಪದ್ಧತಿ. “ಐದು, ಎರಡೂ ಸರಿ. ಆರು, ಎರಡೂ ಸರಿ. ಏಳು...”

ಏಳನೆಯ ಗುರಿಯ ಎದೆಯ ಮೇಲೆ ಆಗಲೇ ಎರಡು ಹೊಸ ಚೀಟಿಗಳಿದ್ದವು. ಮೋಕ್‌ರ ಹೆಬ್ಬೆರಳು ಇನ್ನೂ ಅವುಗಳ ಮೇಲೇ ಇತ್ತು.

“ಅಯ್ಯೋ, ಎಣಿಸಾಯ್ತು ಅಂದ್ಕೊಂಡ್ನಲ್ಲ!”

“ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಕಣ್ಣಿಗೆ ಇಷ್ಟು ಕಾಣ್ಲಿಲ್ವಾ?” ಯೂಕ್-ಲಾನ್ ಕಿರುಚಿದಳು. “ಎರಡೂ ಎದೆಗೇ ಬಿದ್ದಿದ್ವು! ನನ್ನ ಕೈಗೆ ಗೊತ್ತು!”

“ವಯಸ್ಸಾಯ್ತಮ್ಮ.”

“ವಯಸ್ಸಲ್ಲ, ಹೊಟ್ಟೆಕಿಚ್ಚು! ಆ ಪೆಟ್ಟಿಗೆ ಕೈಬಿಡೋಕೆ ನಿಮಗೆ ಮನಸ್ಸಿಲ್ಲ!”

ಮೋಕ್ ಏನೋ ಹೇಳಲು ಬಾಯಿ ತೆರೆದು, ಹೆಂಡತಿಯ ಕಡೆ ನೋಡಿ, ಮುಚ್ಚಿಕೊಂಡರು.

ತಾಮ್ ಕೈ ಎತ್ತಿದಳು. ಎಣಿಸುವ ಮೊದಲೇ ಅಂಟಿಸಿದ್ದನ್ನು ಕಿತ್ತು ನೋಡುವಂತಿಲ್ಲ, ತಿರುಗಿಸಿ ನೋಡುವಂತಿಲ್ಲ. ಹೊಸ ಗುರಿ ಹಾಕಬೇಕು, ಇಡೀ ಓಟ ಮತ್ತೆ ಓಡಬೇಕು. ಹಳೆಯ ಗುರಿಯನ್ನು ಕಸದ ಡಬ್ಬಿಗೆ ಎಸೆದರು.

ಯೂಕ್-ಲಾನ್ ಕೋಪವನ್ನೆಲ್ಲ ಕಾಲಿಗೆ ಇಳಿಸಿಕೊಂಡು ಓಡಿದಳು. ಏಳನೆಯ ಗುರಿಯ ಮುಂದೆ ಮಾತ್ರ ಅರೆಕ್ಷಣ ನಿಂತು, ಹಲ್ಲು ಕಚ್ಚಿ, ಮೋಕ್‌ರ ಮೂಗಿಗೇ ಹೊಡೆದಂತೆ ಹೊಡೆದಳು. ಹನ್ನೆರಡು ಸೆಕೆಂಡು. ಇಪ್ಪತ್ತು ತೂತು. ಮೋಕ್‌ರಿಗಿಂತ ಅರ್ಧ ಸೆಕೆಂಡು ಮುಂದೆ.

ದಪ್ಪ ಲೋ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದ. ಯಾರೋ ಸೋಡಾ ಎರಚಿದರು. ಆ ಗದ್ದಲದಲ್ಲೂ ಅವಳಿಗೆ ಕಂಡಿತು: ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದವರು ಮೋಕ್. ಎರಡೂ ತೋಳು ತಲೆಯ ಮೇಲೆತ್ತಿ, ಬಲ ಭುಜದ ನೋವನ್ನೂ ಮರೆತು.

ನಾಟಕ. ಹಳೆಯ ಗುರಿಯನ್ನು ಅವರ ಮುಖಕ್ಕೇ ಹಿಡಿಯಬೇಕೆಂದು ಡಬ್ಬಿಯಿಂದ ಎಳೆದಳು. ತಿರುಗಿಸಿದಳು. ಬೆನ್ನಲ್ಲಿ ತೂತಿಲ್ಲ. ಚೀಟಿ ಕಿತ್ತಳು. ಕೆಳಗೂ ತೂತಿಲ್ಲ. ನುಣ್ಣನೆಯ, ಅಚ್ಚ ಹೊಸ ಕಾಗದ.

ಅವಳ ಕಿವಿ ಬಿಸಿಯಾಯಿತು. ಎರಡೂ ತಪ್ಪಿದ್ದವು. ಮೋಕ್ ಅದನ್ನು ನೋಡಿ, ಮುಚ್ಚಿ, ಅವಳನ್ನು ಉಳಿಸಿದ್ದರು. ಯಾಕೆ? ಹೇಳಿಬಿಡಲೇ? ಹೇಳಿದರೆ ಪೆಟ್ಟಿಗೆ ಕೈತಪ್ಪುತ್ತದೆ. ಕಾಗದವನ್ನು ಮಡಚಿ ಅಂಗಿಯೊಳಗೆ ತುರುಕಿಕೊಂಡಳು.

ಮೋಕ್ ಎರಡೂ ಕೈಯಿಂದ ಪೆಟ್ಟಿಗೆ ಚಾಚಿದರು. ಅವರ ಕಣ್ಣು ಒದ್ದೆಯಾಗಿತ್ತು. “ತಗೋಮ್ಮ. ಇನ್ಮೇಲೆ ನಿಂದು.”

ಅವಳು ಮುಚ್ಚಳ ಎತ್ತಿದಳು. ಒಳಗೆ ಒಂದು ಗೊಂಚಲು ಬೀಗದ ಕೈ, ಸವೆದ ಮೋಟು ಪೊರಕೆ, ಮುದುಕ ಲೈ ಬರೆದಿಟ್ಟ ಉದ್ದನೆಯ ಪಟ್ಟಿ. “ಗೆದ್ದವರೇ ಕ್ಲಬ್ಬು ನಡೆಸಬೇಕು, ಇನ್ನೊಬ್ಬರು ಗೆಲ್ಲುವ ತನಕ. ಭಾನುವಾರ ಬಿಡುವಿಲ್ಲ. ಆಟ ಮುಗಿದ ಮೇಲೆ ಪ್ರತಿಯೊಂದು ಗುಂಡನ್ನೂ ಗುಡಿಸಿ ಹೆಕ್ಕಬೇಕು. ಕೆಳಗಿನ ಮಹಡಿಯವರು ಬೈದರೆ ಬೈಸಿಕೊಳ್ಳಬೇಕು. ಪೆಟ್ಟಿಗೆಯ ಗುಟ್ಟು ಬಿಡಬಾರದು, ಬಿಟ್ಟರೆ ಯಾರೂ ಗೆಲ್ಲುವುದಿಲ್ಲ. ಪಿಸ್ತೂಲು ಹುಡುಕಬೇಡಿ, ಅದನ್ನು ನನ್ನ ಜೊತೆ ಮಣ್ಣು ಮಾಡಲು ಹೇಳಿದ್ದೇನೆ.”

ಬಾಗಿಲಲ್ಲಿ ಮೋಕ್‌ರ ಹೆಂಡತಿ ಎದ್ದು ನಿಂತು ಬಿಸಿಲ ಟೋಪಿ ಸರಿಮಾಡಿಕೊಂಡಳು. “ಬರ್ರೀ ಬೇಗ. ಹನ್ನೊಂದು ವರ್ಷದ ಮೇಲೆ ಸಿಕ್ಕ ಭಾನುವಾರ. ವಿಮಾನ ತಪ್ಪಿಸ್ಬೇಡಿ.”

“ಬೇಡ,” ಎಂದು ಯೂಕ್-ಲಾನ್ ಮುಚ್ಚಳ ಮುಚ್ಚಿ, ಅಂಗಿಯೊಳಗಿಂದ ತೂತಿಲ್ಲದ ಕಾಗದವನ್ನು ಎಳೆದು ಎಲ್ಲರಿಗೂ ಕಾಣುವಂತೆ ಮೇಲೆ ಹಿಡಿದಳು. “ಏಳನೇದಕ್ಕೆ ನಂದು ಒಂದೂ ಬಿದ್ದಿಲ್ಲ, ಮೇಷ್ಟ್ರೇ. ಗೆದ್ದಿದ್ದು ನೀವೇ.”